ರತ್ನಕ್ಕ ಮತ್ತು ನಾಲ್ಕು ಬೆರಳು ಗ್ಯಾಸು

ರತ್ನಕ್ಕನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಗಡಿಯಾರದಲ್ಲಿ ಚಿಕ್ಕ ಮುಳ್ಳು ಯಾವುದು, ದೊಡ್ಡದು ಯಾವುದು ಎಂಬುದೂ ಅವಳಿಗೆ ಬೇಕಿರಲಿಲ್ಲ. ಆದರೆ ಸಗಣಿಯನ್ನು ಅಂಗೈಯಲ್ಲಿ ಒಮ್ಮೆ ಹಿಸುಕಿದರೆ ಸಾಕು, ಹಸು ನಿನ್ನೆ ಏನು ತಿಂದಿತ್ತು, ಇದಕ್ಕೆ ಎಷ್ಟು ನೀರು ಹಿಡಿಯುತ್ತದೆ, ನಾಳಿದ್ದಿಗೆ ಎಷ್ಟು ಗ್ಯಾಸು ಏಳುತ್ತದೆ ಎಂದು ಹೇಳಿಬಿಡುತ್ತಿದ್ದಳು. ನಾನು ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರದ ಪಾಠ ಮಾಡುತ್ತಿದ್ದೇನೆ. ನಮ್ಮಿಬ್ಬರಲ್ಲಿ ಯಾರು ತಿಳಿದವರು ಎಂಬುದು ಮೂರು ವರ್ಷದ ಹಿಂದೆ ಒಂದು ಭಾನುವಾರ ತೀರ್ಮಾನವಾಯಿತು. ಆ ತೀರ್ಮಾನದಿಂದ ನನಗೇನೂ ಮರ್ಯಾದೆ ಬಂದಿಲ್ಲ, ಆದರೂ ಬರೆಯುತ್ತೇನೆ.

ನಮ್ಮದು ಕೋಗಿಲು. ನಾನು ಮದುವೆಯಾಗಿ ಬಂದಾಗ ಮಾವ ಮುನಿನಾರಾಯಣಪ್ಪನವರ ದ್ರಾಕ್ಷಿ ತೋಟ ಅರ್ಧ ಉಳಿದಿತ್ತು. ಈಗ ಅಲ್ಲಿ ಮೂರು ಕಟ್ಟಡಗಳಿವೆ, ಬಾಡಿಗೆಯವರಿದ್ದಾರೆ, ಲಿಫ್ಟು ಕೆಟ್ಟರೆ ನಮ್ಮ ಮನೆಯ ಬಾಗಿಲು ಬಡಿಯುತ್ತಾರೆ. ಇಷ್ಟಾದರೂ ಮನೆಯ ಹಿಂದೆ ಕೊಟ್ಟಿಗೆ, ಎರಡು ಹಸು, ಮತ್ತು ಮಾವ ಊರಿಗೇ ಮೊದಲು ಕಟ್ಟಿಸಿದ ಗೋಬರ್ ಗ್ಯಾಸಿನ ಬಾವಿ ಹಾಗೇ ಇದ್ದವು. ಮಾವ ತೀರಿಕೊಂಡ ಮೇಲೆ ಅತ್ತೆ ಪಟಾಲಮ್ಮನವರಿಗೆ ಆ ಬಾವಿಯ ಮೇಲೆ ಗಂಡನ ಮೇಲಿದ್ದದ್ದಕ್ಕಿಂತ ಹೆಚ್ಚು ಪ್ರೀತಿ ಹುಟ್ಟಿತು. ನಾನು ಒಳಗೆ ಸಿಲಿಂಡರಿನಲ್ಲಿ ಅಡುಗೆ ಮಾಡಿದರೆ ಅವರು ಹಿತ್ತಲ ಒಲೆಯಲ್ಲಿ ತಮ್ಮ ಮುದ್ದೆ ತಾವೇ ತೊಳಸಿಕೊಳ್ಳುತ್ತಿದ್ದರು. ಸಿಲಿಂಡರಿನ ಮುದ್ದೆ ನಾಲಿಗೆಗೆ ಹತ್ತುವುದಿಲ್ಲವಂತೆ.

ಆ ಬಾವಿಯನ್ನು ಬದುಕಿಸಿಟ್ಟವಳು ರತ್ನಕ್ಕ. ಅವಳ ಗಂಡ ಲಾರಿಯ ಜೊತೆ ಹೊಸೂರಿಗೆ ಹೋದವನು ತಿರುಗಿ ಬರಲಿಲ್ಲ. ಸತ್ತನೋ ಇದ್ದಾನೋ ಎಂದು ಕೇಳಿದರೆ, "ಬಂದಿಲ್ಲ ಅಂದ್ರೆ ಬಂದಿಲ್ಲ, ಅಷ್ಟೇಯ" ಎನ್ನುತ್ತಿದ್ದಳು. ಮಕ್ಕಳಿಲ್ಲ. ಬಾಗಲೂರಿನಲ್ಲಿ ಒಬ್ಬ ತಂಗಿ. ಇಪ್ಪತ್ತಾರನೆಯ ವಯಸ್ಸಿಗೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದವಳಿಗೆ ಮಾವ ಕೊಟ್ಟಿಗೆಯ ಪಕ್ಕದಲ್ಲಿ ಶೀಟಿನ ಕೋಣೆ ಕೊಟ್ಟು, ಬಾವಿಯಿಂದ ಒಂದು ಪೈಪು ಎಳೆದು ಒಲೆಯನ್ನೂ ಹಾಕಿಸಿಕೊಟ್ಟಿದ್ದರು. ಅಲ್ಲಿಂದ ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಮೊಣಕೈವರೆಗೆ ಸಗಣಿಯಲ್ಲಿ ಕೈ ಅದ್ದಿ, ಕಡ್ಡಿ ಕಲ್ಲು ಆರಿಸಿ, ಸಮಕ್ಕೆ ಸಮ ನೀರು ಬೆರೆಸಿ ಬಾವಿಗೆ ಬಿಟ್ಟಳು. "ಟೀಚರಮ್ಮ, ನಿಮ್ ಕಾಲೇಜ್ ಮಕ್ಕಳ್ನ ಒಂದ್ ತಿಂಗ್ಳು ನನ್ ತಾವ ಕಳ್ಸಿ, ಸಗಣಿ ಕಲ್ಸಕ್ ಬಂದ್ರೆ ಎಲ್ಲಾ ಬತ್ತದೆ" ಎಂದು ನನ್ನನ್ನು ರೇಗಿಸುತ್ತಿದ್ದಳು. ನಾನು ನಕ್ಕು ಸ್ಕೂಟರ್ ಹತ್ತುತ್ತಿದ್ದೆ.

ಬಾವಿಯ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ಗಾರೆಯ ಬಾವಿ, ಅದರ ತುಂಬ ಸಗಣಿಯ ಬಗ್ಗಡ, ಬಗ್ಗಡದ ಮೇಲೆ ಬೋರಲು ಹಾಕಿದ ಆಳೆತ್ತರದ ಕಬ್ಬಿಣದ ಡ್ರಮ್ಮು. ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಗ್ಯಾಸಿನ ಮೇಲೆ ಕೂತಿರುವುದು ಆ ಡ್ರಮ್ಮಿನ ತೂಕ. ತೂಕ ಬದಲಾಗುವುದಿಲ್ಲ, ಆದ್ದರಿಂದ ಒತ್ತಡವೂ ಬದಲಾಗುವುದಿಲ್ಲ. ಡ್ರಮ್ಮು ತುಂಬಿ ನಿಂತಿರಲಿ, ತಳ ಕಾಣುತ್ತಿರಲಿ, ಒಲೆಯ ಉರಿ ಒಂದೇ ಎತ್ತರ. ಸ್ಥಿರ ಒತ್ತಡ ಎಂದು ನಾನು ತರಗತಿಯಲ್ಲಿ ಮುಕ್ಕಾಲು ಗಂಟೆ ಕೊರೆಯುವುದು ಇದನ್ನೇ. ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ಸಿಲಿಂಡರು, ಅದರ ಮೇಲೆ ಜಾರುವ ಮುಚ್ಚಳ, ಮುಚ್ಚಳದ ಮೇಲೆ ಒಂದು ತೂಕದ ಕಲ್ಲು, ಕೆಳಗೆ ಉರಿ, ಇಷ್ಟು ಚಿತ್ರ ಬರೆಯುತ್ತಿದ್ದೆ. ಅದೇ ಚಿತ್ರ ನಮ್ಮ ಹಿತ್ತಲಲ್ಲಿ ನಲವತ್ತು ವರ್ಷದಿಂದ ಏರಿ ಇಳಿಯುತ್ತಿತ್ತು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಡ್ರಮ್ಮಿಗೆ ನೆರಳಾಗಿ ಒಂದು ಹೊಂಗೆ ಮರವಿತ್ತು. ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಗಂಡ ಮಹೇಂದ್ರ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕನೆಯ ಕಟ್ಟಡ ಶುರುಮಾಡಿದರು. ಕ್ರೇನು ತಿರುಗಲು ಅಡ್ಡವೆಂದು ಮರ ಹೋಯಿತು. ಸಂಕ್ರಾಂತಿಗೆ ಮುಂಚೆ ಗೇಟಿಗೆ ಬಳಿದು ಮಿಕ್ಕಿದ್ದ ಕಪ್ಪು ಬಣ್ಣವನ್ನು ಪೇಂಟರು ಡ್ರಮ್ಮಿಗೂ ಹೊಡೆದು, ತುಕ್ಕು ಹಿಡಿಯುವುದಿಲ್ಲ ಎಂದು ಪುಣ್ಯ ಕಟ್ಟಿಕೊಂಡ. ಇವೆರಡೂ ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ.

ಅತ್ತೆಗೆ ಒಂದು ಅಭ್ಯಾಸ. ಸಂಜೆ ಐದಕ್ಕೆಲ್ಲ ತಮ್ಮದೂ ರತ್ನಕ್ಕನದೂ ಮುದ್ದೆ ಮುಗಿದ ಮೇಲೆ, ಎರಡೂ ಒಲೆಗೆ ಹೋಗುವ ಪೈಪಿನ ವಾಲ್ವು ಮುಚ್ಚಿ, ಎಲೆ ಅಡಿಕೆ ಡಬ್ಬಿಯ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಬಾವಿಯ ಕಟ್ಟೆಯ ಮಟ್ಟಕ್ಕೆ ಡ್ರಮ್ಮಿನ ಮೇಲೊಂದು ಗೆರೆ ಎಳೆಯುವುದು. ಬೆಳಿಗ್ಗೆ ಎದ್ದಾಗ ಗೆರೆ ಕಟ್ಟೆಗಿಂತ ಎರಡು ಬೆರಳು ಮೇಲಿದ್ದರೆ ಅಂದಿನ ದಿನ ಅವರ ಮುಖ ಚೆನ್ನಾಗಿರುತ್ತಿತ್ತು. ಸಂಕ್ರಾಂತಿಯ ವಾರ ಗೆರೆ ಮೇಲೇಳುವ ಬದಲು ಕಟ್ಟೆಯಿಂದ ಕೆಳಗೆ ಇಳಿಯತೊಡಗಿತು. ಅತ್ತೆ ಬೆರಳು ಜೋಡಿಸಿ ಅಳೆದರು. ನಾಲ್ಕು ಬೆರಳು. ಮರುದಿನವೂ ನಾಲ್ಕು, ಅದರ ಮರುದಿನವೂ ನಾಲ್ಕು.

ನಾಲ್ಕನೆಯ ದಿನ ಅವರು ಕೊಟ್ಟಿಗೆಯ ಮುಂದೆ ನಿಂತು ಕೇಳಿದರು. "ರತ್ನಿ, ಬೆಳಗಿನ್ ಜಾವ ಯಾರ್ಗೆ ಟೀ ಕಾಯಿಸ್ತೀಯೆ?"

"ಯಾವ್ ಟೀ ಅವ್ವ?"

"ಕಟ್ಟಡದ್ ಕೆಲ್ಸದೋರು ದಿನಾ ಬೆಳಗ್ಗೆ ಕುಡೀತಾವ್ರಲ್ಲ, ಅದು. ನಾಲ್ಕ್ ಬೆರಳು ಗ್ಯಾಸು ಎಲ್ಲಿಗೋಯ್ತು ಏಳು."

ಕೆಲಸದವರಿಗೆ ಟೀ ತರುತ್ತಿದ್ದವನು ಸೈಕಲ್ಲಿನಲ್ಲಿ ಫ್ಲಾಸ್ಕು ಕಟ್ಟಿಕೊಂಡು ಬರುವವನು. ರತ್ನಕ್ಕ ಹಾಗೆಂದು ಹೇಳಿದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಸಂಜೆ ವಾಲ್ವಿಗೆ ಸರಪಳಿ ಸುತ್ತಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆಳಿಗ್ಗೆ ನೋಡಿದರೆ ಮತ್ತೆ ನಾಲ್ಕು ಬೆರಳು. ಬೀಗ ಹಾಕಿಯೂ ಕಡಿಮೆಯಾಯಿತಲ್ಲ, ಹಾಗಾದರೆ ಇವಳಲ್ಲ ಎಂದು ಯಾರಾದರೂ ಯೋಚಿಸಬಹುದಿತ್ತು. ಅನುಮಾನಕ್ಕೆ ಕಣ್ಣಿಲ್ಲ. "ಕಳ್ಳಗೀಲಿ ಮಾಡ್ಸವ್ಳೆ" ಎಂದರು ಅತ್ತೆ.

ಮಹೇಂದ್ರ ಇಂಥದ್ದೊಂದು ದಿನಕ್ಕೇ ಕಾಯುತ್ತಿದ್ದರು. ಸೋಮವಾರ ಅವಳನ್ನು ಕರೆದು, ಭಾನುವಾರದೊಳಗೆ ಕೋಣೆ ಖಾಲಿ ಮಾಡಬೇಕು ಎಂದುಬಿಟ್ಟರು. ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು, "ಅವ್ಳು ಹೋದ್ರೆ ಅಮ್ಮ ಹಸು ಮಾರ್ತಾರೆ ಕಣೆ. ಕೊಟ್ಟಿಗೆ ಜಾಗ ಕ್ಲಿಯರ್ ಆಗುತ್ತೆ. ಅಲ್ಲೇ ಎರಡ್ ಫ್ಲೋರ್ ಹಾಕಿ ಸೆಕೆಂಡ್ ಫ್ಲೋರ್ ನಾವಿಟ್ಕೊಳೋಣ. ನಿಂಗೆ ಬೇರೆ ಅಡುಗೆಮನೆ."

ಬೇರೆ ಅಡುಗೆಮನೆ. ಹದಿನೈದು ವರ್ಷ ಅತ್ತೆಯ ಕಣ್ಣಳತೆಯಲ್ಲಿ ಸಾಸಿವೆ ಸಿಡಿಸಿದವಳಿಗೆ ಆ ಎರಡು ಪದ ಏನು ಎಂದು ಸಿಡಿಸಿದವರಿಗೇ ಗೊತ್ತು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಬುಧವಾರ ಬೆಳಿಗ್ಗೆ ತರಗತಿಯಲ್ಲಿ ಅದೇ ಪಾಠ. ಸಿಲಿಂಡರು ಬರೆದೆ, ಮುಚ್ಚಳ ಬರೆದೆ, ತೂಕ ಬರೆದೆ. "ತೂಕ ಹಾಗೇ ಇದೆ, ಆದ್ದರಿಂದ ಒತ್ತಡ ಹಾಗೇ ಇದೆ. ಬಿಸಿ ಮಾಡಿದರೆ ಅನಿಲ ಹಿಗ್ಗಿ ಮುಚ್ಚಳವನ್ನು ಮೇಲೆತ್ತುತ್ತದೆ. ತಣ್ಣಗಾದರೆ ಕುಗ್ಗುತ್ತದೆ, ಮುಚ್ಚಳ ಇಳಿಯುತ್ತದೆ. ಒಳಗಿನ ಅನಿಲ ಒಂದು ಚೂರೂ ಕಡಿಮೆಯಾಗಿಲ್ಲ" ಎಂದೆ. ಕೊನೆಯ ವಾಕ್ಯ ಬಾಯಿಂದ ಬಿದ್ದದ್ದೇ ಸೀಮೆಸುಣ್ಣ ನಿಂತಿತು. ಕಡಿದ ಹೊಂಗೆ ಮರ, ಕಪ್ಪು ಬಣ್ಣ, ಇಡೀ ದಿನದ ಬಿಸಿಲು, ಪುಷ್ಯದ ಬೆಳಗಿನ ಚಳಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅತ್ತೆ ಗೆರೆ ಎಳೆಯುತ್ತಿದ್ದದ್ದು ಬಿಸಿಲಿಗೆ ಹಿಗ್ಗಿದ ಗ್ಯಾಸಿಗೆ, ಅಳೆಯುತ್ತಿದ್ದದ್ದು ಚಳಿಗೆ ಕುಗ್ಗಿದ ಗ್ಯಾಸನ್ನು. ಯಾರೂ ಏನೂ ಕದ್ದಿರಲಿಲ್ಲ.

ಸಂಜೆ ಮನೆಗೆ ಬಂದಾಗ ರತ್ನಕ್ಕ ಗೇಟಿನಲ್ಲೇ ಕಾದಿದ್ದಳು. "ಟೀಚರಮ್ಮ, ಓದಿರೋರು ನೀವು. ನೀವಾದ್ರೂ ಅವ್ವುಂಗೆ ಒಂದ್ ಮಾತ್ ಏಳಿ. ನಾನ್ ಕದ್ದಿಲ್ಲ."

"ನೋಡೋಣ ರತ್ನಕ್ಕ" ಎಂದೆ.

ನೋಡಲಿಲ್ಲ. ಹೇಳಬೇಕು ಎಂದು ದಿನಾ ಅಂದುಕೊಂಡೆ, ಅತ್ತೆಯ ಮುಖ ಕಂಡಾಗ ಬಾಯಿ ಕಟ್ಟಿತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ ಇರಲಿ ಎಂದು ಆ ವಾರವೇ ನಾನು ಮಹೇಂದ್ರರಿಗೆ ಹೇಳಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಗಾದೆ ಮಾಡಿದವರು ನನ್ನಂಥವರನ್ನು ಮೊದಲೇ ಕಂಡಿದ್ದರು.

ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ರತ್ನಕ್ಕನ ಟ್ರಂಕು, ಚಾಪೆ, ಒಂದು ಬಟ್ಟೆಯ ಗಂಟು ಗೇಟಿನ ಬಳಿ ಬಂದಿದ್ದವು. ಮಹೇಂದ್ರ ಮೊಬೈಲು ಹಿಡಿದು ನಿಂತಿದ್ದರು. ರತ್ನಕ್ಕ ನೇರ ಅತ್ತೆಯ ಮುಂದೆ ಬಂದಳು.

"ಅವ್ವ, ಒಂದೇ ಒಂದ್ ಕೆಲ್ಸ. ಸುಣ್ಣ ತಂದು ಈಗೊಂದ್ ಗೆರೆ ಎಳೀರಿ."

"ಈಗ್ಯಾತಕ್ಕೆ?"

"ಎಳೀರಿ. ಬೀಗ ಆಕಿದ್ದಂಗೇ ಇರ್ಲಿ, ಕೀಲಿ ನಿಮ್ ಸೊಂಟದಾಗೇ ಇರ್ಲಿ."

ಅತ್ತೆ ಗೊಣಗುತ್ತಲೇ ಕಟ್ಟೆಯ ಮಟ್ಟಕ್ಕೆ ಗೆರೆ ಎಳೆದರು. ಕಾದ ಡ್ರಮ್ಮು ಬೆರಳು ಸುಟ್ಟಿತು, ಕೈ ಕೊಡವಿಕೊಂಡರು. ರತ್ನಕ್ಕ ಸೆರಗು ಸಿಕ್ಕಿಸಿ, ಕೊಟ್ಟಿಗೆಯ ನೆರಳಲ್ಲಿದ್ದ ಹಸುಗಳ ನೀರಿನ ತೊಟ್ಟಿಯಿಂದ ಕೊಡ ತುಂಬಿ ತಂದು ಡ್ರಮ್ಮಿನ ನೆತ್ತಿಗೆ ಸುರಿದಳು. ನೀರು ಕಾದ ಕಬ್ಬಿಣದ ಮೇಲೆ ಹರಿದು ಬೆಚ್ಚಗಾಗಿ ಕೆಳಗಿಳಿಯಿತು. ಎರಡನೆಯ ಕೊಡ, ಮೂರನೆಯ ಕೊಡ. ಅವಳು ಓಡಲಿಲ್ಲ, ದಿನಾ ಸಗಣಿಗೆ ನೀರು ಹೊರುವ ನಡಿಗೆಯಲ್ಲೇ ಹೋಗಿ ಬಂದಳು. ಆರನೆಯ ಕೊಡಕ್ಕೆ ಡ್ರಮ್ಮಿನೊಳಗೆ ಕಬ್ಬಿಣ ನರಳಿದ ಸದ್ದಾಯಿತು. ಹತ್ತನೆಯ ಕೊಡದ ಹೊತ್ತಿಗೆ ಬಿಳಿಯ ಗೆರೆ ಕಟ್ಟೆಯಿಂದ ಕೆಳಗೆ ಜಾರುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಹದಿನಾಲ್ಕು ಕೊಡ ಸುರಿದು ಅವಳು ನಿಂತಳು.

"ಈಗ ಅಳೀರಿ ಅವ್ವ."

ಅತ್ತೆ ಬಗ್ಗಿ ಬೆರಳು ಜೋಡಿಸಿದರು. ತೆಗೆದು, ಮತ್ತೊಮ್ಮೆ ಜೋಡಿಸಿದರು.

"ಎಷ್ಟೈತೆ?"

"ನಾಲ್ಕು" ಎಂದರು ಅತ್ತೆ, ನೆಲ ನೋಡುತ್ತ.

"ಈಗ ಯಾರ್ ಕದ್ರು?" ರತ್ನಕ್ಕನ ದನಿ ಏರಿರಲಿಲ್ಲ. "ಬಿಸ್ಲಿಗೆ ಉಬ್ತದೆ, ತಣ್ಣಗಾದ್ರೆ ಕುಗ್ತದೆ. ಮರ ಇದ್ದಾಗ ಇಂಗಾಯ್ತಿರ್ಲಿಲ್ಲ. ಮೊನ್ನೆ ಮದ್ಯಾನ ಡ್ರಮ್ಮು ತೊಳೀವಾಗ ಕಣ್ಣಿಗ್ ಬಿತ್ತು."

ಮಹೇಂದ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅತ್ತೆ ಒದ್ದೆ ಕಟ್ಟೆಯ ಮೇಲೇ ಕುಳಿತುಬಿಟ್ಟರು. ಆಮೇಲೆ ಸೊಂಟದ ಕೀಲಿ ತೆಗೆದು ರತ್ನಕ್ಕನ ಕಡೆ ಚಾಚಿದರು. "ಇರು ಕಣೆ. ಓಗ್ಬೇಡ."

ಅವಳು ಕೀಲಿ ಮುಟ್ಟಲಿಲ್ಲ. "ಕಳ್ಳಿ ಅಂದ ಮನೇಲಿ ಉಣ್ಣಕ್ಕಾಗಕಿಲ್ಲ ಅವ್ವ. ಗಂಟ್ಲಲ್ಲಿ ಇಳಿಯಕಿಲ್ಲ" ಎಂದಳು. ಕೊಡವನ್ನು ಅದರ ಜಾಗದಲ್ಲೇ ಬೋರಲು ಹಾಕಿದಳು. ಹಸುಗಳ ಹಣೆ ಸವರಿದಳು. ನನಗೆ ಅಳು ಬಂತು. ನಾಚಿಕೆಯಾಗಿ ಅವಳ ಗಂಟನ್ನು ಎತ್ತಿಕೊಂಡು ಆಟೋವರೆಗೆ ನಡೆದೆ.

ಆಟೋ ಹತ್ತುವ ಮುಂಚೆ ಅವಳು ಕೇಳಿದಳು, "ಟೀಚರಮ್ಮ, ಇದು ನಿಮ್ ಪುಸ್ತಕದಾಗೆ ಐತಾ?"

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. "ಇದೆ" ಎಂದೆ.

"ಅಂಗಾರೆ ನಿಮಗ್ ಗೊತ್ತಿತ್ತು."

"ಗೊತ್ತಿತ್ತು."

"ಯಾವತ್ತಿಂದ?"

"ಬುಧವಾರದಿಂದ."

ಅವಳು ಕೈ ಮುಂದೆ ಹಿಡಿದು ಲೆಕ್ಕ ಹಾಕಿದಳು. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಒಂದೊಂದಾಗಿ ನಾಲ್ಕು ಬೆರಳು ಮಡಚಿ ಅದನ್ನೇ ನೋಡಿದಳು. ಆಮೇಲೆ ನನ್ನ ಕೈಯಿಂದ ಗಂಟು ತೆಗೆದುಕೊಂಡು ಒಳಗೆ ಕುಳಿತಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸಗಣಿ ಕಲಸುವವರಿಲ್ಲದೆ ಎರಡು ತಿಂಗಳಲ್ಲಿ ಹಸುಗಳು ಹೋದವು, ಯುಗಾದಿಯ ನಂತರ ಡ್ರಮ್ಮು ಗುಜರಿಯ ಲಾರಿ ಹತ್ತಿತು. ಅತ್ತೆ ರತ್ನಕ್ಕನನ್ನು ಕರೆಯಲು ಎರಡು ಸಲ ಬಾಗಲೂರಿಗೆ ಹೋಗಿದ್ದರು. ಮೊದಲ ಸಲ ಅವಳು ಕಾಫಿ ಕೊಟ್ಟು ಕಳಿಸಿದಳು. ಎರಡನೆಯ ಸಲ ತಂಗಿ ಬಂದು, ಅಕ್ಕ ಮನೆಯಲ್ಲಿಲ್ಲ ಎಂದಳಂತೆ. ಬಾಗಿಲ ಬಳಿ ಅವಳ ಚಪ್ಪಲಿ ಇತ್ತು ಎಂದು ಅತ್ತೆ ಹೇಳಿದರು. ತಪ್ಪು ಮಾಡಿದ ಅವರು ಎರಡು ಸಲ ಹೋದರು. ತಿಳಿದೂ ಸುಮ್ಮನಿದ್ದ ನಾನು ಒಂದು ಸಲವೂ ಹೋಗಿಲ್ಲ.

ಈಗ ನಾನು ಎರಡನೆಯ ಮಹಡಿಯಲ್ಲಿ ಅಡುಗೆ ಮಾಡುತ್ತೇನೆ, ಕಿಟಕಿ ಪೂರ್ವಕ್ಕಿದೆ. ಕೆಳಗೆ ಡ್ರಮ್ಮಿದ್ದ ಜಾಗದಲ್ಲಿ ಎರಡು ಕಾರು ನಿಲ್ಲುತ್ತವೆ. ಪ್ರತಿ ವರ್ಷ ಆ ಪಾಠ ಬರುತ್ತದೆ. ಸಿಲಿಂಡರು, ಮುಚ್ಚಳ, ತೂಕ ಬರೆಯುತ್ತೇನೆ. ಮೇಡಂ, ನಾವು ದಿನಾ ನೋಡೋ ಒಂದು ಉದಾಹರಣೆ ಹೇಳಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಬೋರ್ಡಿನ ಕಡೆ ತಿರುಗಿಕೊಂಡು, ಬಲೂನು ಎನ್ನುತ್ತೇನೆ.