ಹಿಯೆನ್‌ಗೆ ಬೇಕಿರದ ವೀಸಾ

ಕಾಂಬೋಡಿಯಾಕ್ಕೆ ಹೋಗಲು ಹಿಯೆನ್‌ಗೆ ವೀಸಾ ಬೇಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಕೇ ಬೇಕು ಎಂದು ಹೇಳಿ ಅವಳನ್ನು ಹತ್ತು ದಿನ ಪರ್ತ್‌ನಲ್ಲೇ ಕಟ್ಟಿಹಾಕಿದೆ. ಮೊದಲ ಎರಡು ಗಂಟೆ ನಿಜವಾಗಿಯೂ ಗೊತ್ತಿರಲಿಲ್ಲ — ಆ ಎರಡು ಗಂಟೆಯನ್ನೇ ಹಿಡಿದುಕೊಂಡು ಏಳು ವರ್ಷ ಮರ್ಯಾದಸ್ಥನಂತೆ ಓಡಾಡಿದೆ. ಇನ್ನು ಸಾಕು.

ನಾನು ಮೈಸೂರಿನವನು. ಭೂವಿಜ್ಞಾನ ಓದಿ, ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಗಣಿಗಳಲ್ಲಿ ಕೆಲಸ ಮಾಡಿ, ಪರ್ತ್‌ನ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವನು. ಇಲ್ಲಿನ ಕನ್ನಡದವರ ನಡುವೆ ನನಗೆ ಇನ್ನೊಂದು ಹೆಸರಿತ್ತು — ವೀಸಾ ಅಂಕಲ್. ಊರಿಂದ ಅಪ್ಪ ಅಮ್ಮನನ್ನು ಕರೆಸುವವರು, ಯುರೋಪ್ ಸುತ್ತಲು ಹೊರಟವರು, ಎಲ್ಲರೂ ಭಾನುವಾರ ನನ್ನ ಮನೆಗೆ ಬರುತ್ತಿದ್ದರು. ಬರುವಾಗ ಕಂಕುಳಲ್ಲಿ ಒಂದು ಫೈಲ್. ನಮ್ಮ ಜನಕ್ಕೆ ಈ ಫೈಲ್ ಎಂದರೆ ದೇವರ ಪೆಟ್ಟಿಗೆಗಿಂತ ಹೆಚ್ಚು. ಪ್ರತಿಯೊಂದಕ್ಕೂ ಮೂರು ಪ್ರತಿ, ರಜೆಯ ಪತ್ರ, ಆಹ್ವಾನದ ಪತ್ರ, ಮದುವೆಯ ಫೋಟೋ, ಎಲ್ಲದರ ಮೇಲೆ 'ಮಾನ್ಯರೇ' ಎಂದು ನಡು ಬಗ್ಗಿಸುವ ಮನವಿ. ಸ್ವರ್ಗದ ಬಾಗಿಲಲ್ಲಿ ಯಾರೂ ಕೇಳದಿದ್ದರೂ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಕೊಡುವ ಜನ ನಾವು. ನಾನು ಅದನ್ನೆಲ್ಲ ತಿರುವಿ ಹಾಕಿ, ಹುಬ್ಬು ಗಂಟಿಕ್ಕಿ, ಏನಾದರೊಂದು ಕೊರತೆ ಹುಡುಕುತ್ತಿದ್ದೆ. ಕೊರತೆ ಇಲ್ಲದಿದ್ದರೂ ಹುಡುಕುತ್ತಿದ್ದೆ. ಇಲ್ಲವಾದರೆ ನನಗೇನು ಬೆಲೆ?

ನಾಗೇಶ ಅಂಥ ಭಾನುವಾರಗಳ ಹುಡುಗ. ಅವನೂ ಮೈಸೂರಿನವನೇ, ಎಲೆಕ್ಟ್ರಿಕಲ್ ಇಂಜಿನಿಯರ್, ನನ್ನನ್ನು ಸ್ವಂತ ಚಿಕ್ಕಪ್ಪನಂತೆ ಕಾಣುತ್ತಿದ್ದವನು. ಪಕ್ಕದ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ವಿಯೆಟ್ನಾಮಿನ ಹುಡುಗಿಯನ್ನು ಮದುವೆಯಾದ. ಅವಳೇ ಹಿಯೆನ್. ಎದುರಿಗೆ ಎಲ್ಲರೂ ನಗುನಗುತ್ತಾ ಹರಸಿದೆವು, ಬೆನ್ನ ಹಿಂದೆ ಏನೇನು ಆಡಿದೆವೋ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆಡಿದವರಲ್ಲಿ ನಾನೇ ಮೊದಲಿಗ. ಆ ಹುಡುಗಿ ಒಂದೇ ವರ್ಷದಲ್ಲಿ ಕನ್ನಡ ಕಲಿತು, ನನ್ನ ಹೆಂಡತಿ ಸುಮತಿಯ ಜೊತೆ ಅಡುಗೆಮನೆಯಲ್ಲಿ ನಿಂತು ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಸ್ಟೂಡೆಂಟ್ ವೀಸಾ ಮುಂದುವರಿಸಲು ಅರ್ಜಿ ತುಂಬಿಕೊಟ್ಟವನು ನಾನು. ಹಾಗಾಗಿ ಅವಳ ವಿಷಯದಲ್ಲಿ ನನ್ನ ಮಾತು ಕೊನೆಯ ಮಾತು ಎಂದು ನಾನೂ ನಂಬಿದ್ದೆ, ನಾಗೇಶನೂ ನಂಬಿದ್ದ.

ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ. ಹದಿನೈದು ಜನ ಇದ್ದೆವು. ತಟ್ಟೆ ಹಿಡಿದುಕೊಂಡೇ ನಾಗೇಶ ಬಳಿಗೆ ಬಂದ.

"ಅಂಕಲ್, ಹಿಯೆನ್ ಅಮ್ಮಂಗೆ ಗಂಟಲಲ್ಲಿ ಗೆಡ್ಡೆ. ನಾಮ್ ಪೆನ್‌ನಲ್ಲಿ ಇವ್ಳ ಅಣ್ಣನ ಮನೇಲಿದಾರೆ. ಇನ್ನು ಹನ್ನೊಂದು ದಿನಕ್ಕೆ ಆಪರೇಷನ್. ಆಮೇಲೆ ವಾಯ್ಸೇ ಇರಲ್ಲ ಅಂದ್ಬಿಟ್ಟಿದಾರೆ ಡಾಕ್ಟ್ರು. ಅಷ್ಟ್ರೊಳಗೆ ಇವ್ಳು ಹೋಗ್ಬೇಕು. ಕಾಂಬೋಡಿಯಾ ವೀಸಾಗೆ ಏನೇನ್ ಬೇಕು?"

ನಾನು ಬಾಯಿ ತೆರೆಯುವ ಮೊದಲೇ ಹಿಯೆನ್ ಹೇಳಿದಳು: "ಅಂಕಲ್, ನಮ್ಮ ದೇಶದೋರಿಗೆ ವೀಸಾ ಬೇಡ. ನಮ್ಮ ಸೈಗಾನ್‌ನಿಂದ ಬಸ್ಸಲ್ಲಿ ಹಾಗೇ ಹೋಗ್ತೀವಿ."

ಅಲ್ಲಿಗೆ ಸುಮ್ಮನಿರಬಹುದಿತ್ತು. ನೋಡಿ ಹೇಳುತ್ತೇನೆ ಎನ್ನಬಹುದಿತ್ತು — ಆದರೆ ಹದಿನೈದು ಜನ ಕೇಳುತ್ತಿದ್ದರು. ವೀಸಾ ಅಂಕಲ್‌ನ ಮನೆಯಲ್ಲಿ, ವೀಸಾ ಅಂಕಲ್‌ನ ಎದುರು, ನಿನ್ನೆ ಮೊನ್ನೆ ಬಂದ ಹುಡುಗಿ ವೀಸಾ ಬೇಡ ಎನ್ನುವುದೇ?

"ಇದೇನು ಹ್ಯಾರಿಸ್‌ಡೇಲಿಂದ ಬೆಂಟ್ಲಿಗೆ ಹೋಗೋ ಬಸ್ಸೇನಮ್ಮಾ, ಕಾರ್ಡ್ ತೋರ್ಸಿ ಹತ್ತೋಕೆ?" ಎಂದೆ. ಎಲ್ಲರೂ ನಕ್ಕರು. ನಗು ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರು ಯಾರು? "ನಿಮ್ಮಣ್ಣಂಗೆ ಬೇಡ್ದೆ ಇರಬಹುದು. ನೀನು ಆಸ್ಟ್ರೇಲಿಯಾದಲ್ಲಿ ಸ್ಟೂಡೆಂಟ್ ವೀಸಾದಲ್ಲಿರೋಳು. ನಿನ್ನ ಕೇಸೇ ಬೇರೆ. ಬಾರ್ಡರ್‌ನಲ್ಲಿ ವಾಪಸ್ ಕಳಿಸಿ ಒಂದು ಸೀಲ್ ಹೊಡೆದ್ರೆ, ಆಮೇಲೆ ಇಲ್ಲಿಗೂ ಬರಕ್ಕಾಗಲ್ಲ, ನೋಡ್ಕೋ."

ಅವಳು ಗಂಡನ ಮುಖ ನೋಡಿದಳು. ನಾಗೇಶ ಅವಳ ಭುಜ ತಟ್ಟಿ ಅಂದ — "ಅಂಕಲ್‌ಗೆ ಗೊತ್ತಿರತ್ತೆ ಬಿಡು."

ನಾಲ್ಕು ಗಂಟೆಗೆ ಎಲ್ಲರೂ ಹೊರಟರು. ನಾನು ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತಾ ಫೋನ್ ತೆಗೆದು ನೋಡಿದೆ. ವಿಯೆಟ್ನಾಂ ಪಾಸ್‌ಪೋರ್ಟ್ ಇದ್ದವರಿಗೆ ಕಾಂಬೋಡಿಯಾಕ್ಕೆ ಮೂವತ್ತು ದಿನ ವೀಸಾ ಬೇಡ. ಲಾವೋಸ್‌ಗೂ ಹಾಗೆಯೇ. ಎಲ್ಲಿ ವಾಸವಾಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ, ಪಾಸ್‌ಪೋರ್ಟ್ ಯಾವುದು ಎಂಬುದಷ್ಟೇ ಲೆಕ್ಕ. ಒಂದು ಸಾಲಿನ ನಿಯಮ, ಸರ್ಕಾರದ ಪುಟದಲ್ಲೇ ಇತ್ತು. ಸುಮತಿ ನನ್ನ ಭುಜದ ಮೇಲಿಂದ ಅದನ್ನು ಓದಿದಳು.

"ರೀ, ಆ ಹುಡುಗಿ ಹೇಳಿದ್ದೇ ಸರಿ. ಈಗ್ಲೇ ಫೋನ್ ಮಾಡಿ ಹೇಳ್ಬಿಡಿ."

"ಮಾಡ್ತೀನಿ" ಎಂದೆ. ಮಾಡಲಿಲ್ಲ.

ಯಾಕೆ ಮಾಡಲಿಲ್ಲ — ಇದನ್ನು ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಹದಿನೈದು ಜನರೆದುರು ಆಡಿದ ಮಾತನ್ನು ನುಂಗಬೇಕಲ್ಲ ಎಂಬುದು ಒಂದು. ಅದು ಸಣ್ಣದು. ದೊಡ್ಡದು ಇನ್ನೊಂದಿತ್ತು. ಆ ಪುಟ ಓದಿದಾಗ ನನಗೆ ಆದದ್ದು ಅವಮಾನ. ಇಪ್ಪತ್ತು ವರ್ಷ ಭಾರತದ ಪಾಸ್‌ಪೋರ್ಟ್ ಹಿಡಿದು ಎಲ್ಲ ದೇಶಗಳ ಕಿಟಕಿಗಳ ಮುಂದೆ ಸಾಲು ನಿಂತವನು ನಾನು. ಬೆರಳಚ್ಚು ಕೊಟ್ಟಿದ್ದೇನೆ, ಊರಿಗೆ ವಾಪಸ್ ಹೋಗುತ್ತೇನೆಂದು ಆಣೆ ಇಟ್ಟಿದ್ದೇನೆ, ನನ್ನ ಮಗನ ವಯಸ್ಸಿನ ಗುಮಾಸ್ತನಿಗೆ ಸರ್ ಎಂದಿದ್ದೇನೆ. ಈ ಹುಡುಗಿ ಬಸ್ ಹತ್ತಿ ಹಾಗೇ ಹೋಗುತ್ತಾಳಂತೆ! ನಮಗಿಲ್ಲದ್ದು ಇವಳಿಗೆ ಯಾಕಿರಬೇಕು ಎಂಬ ಉರಿ. ನೇಪಾಳಕ್ಕೆ ಹೋಗುವಾಗ ನಮ್ಮವರು ಯಾರೂ ವೀಸಾ ನೆನೆಸಿಕೊಳ್ಳುವುದಿಲ್ಲ, ಅದು ನಮ್ಮ ಹಕ್ಕು ಎಂದೇ ನಡೆದುಕೊಳ್ಳುತ್ತೇವೆ. ಅವರವರ ನೆರೆಯಲ್ಲಿ ಅವರವರಿಗೂ ಹಾಗೊಂದು ದಾರಿ ಇರಬಹುದೆಂದು ನನಗೆ ಹೊಳೆಯಲಿಲ್ಲ. ಹೊಳೆದಾಗ ಸಹಿಸಲಾಗಲಿಲ್ಲ. ಸಾಲಿನಲ್ಲಿ ನಿಂತು ನಿಂತು ಮನುಷ್ಯ ಕಲಿಯುವುದು ಇಷ್ಟೇ ಎಂದು ಕಾಣುತ್ತದೆ — ಬೇರೆಯವರನ್ನೂ ನಿಲ್ಲಿಸುವುದು.

ಮರುದಿನ ನಾಗೇಶನಿಗೆ ಪಟ್ಟಿ ಕಳಿಸಿದೆ. ಕಾಲೇಜಿನ ಪತ್ರ, ಅಣ್ಣನ ಆಹ್ವಾನ, ಆಸ್ಪತ್ರೆಯ ಪತ್ರ, ಮದುವೆಯ ಪ್ರಮಾಣಪತ್ರ. ನಾನು ನೋಡುವವರೆಗೆ ಅರ್ಜಿ ಹಾಕಬೇಡ ಎಂದೂ ಬರೆದೆ. ಅರ್ಜಿ ಹಾಕಿದರೆ ನಿಮಗೆ ವೀಸಾ ಬೇಡ ಎಂಬ ಉತ್ತರ ಬರುತ್ತದಲ್ಲ! ಇಷ್ಟು ಬುದ್ಧಿ ನನಗಿತ್ತು. ಗುರುವಾರದ ಹೊತ್ತಿಗೆ ಹಿಯೆನ್ ಎಲ್ಲ ಹೊಂದಿಸಿದ್ದಳು. ಅಷ್ಟರಲ್ಲಿ ನಾನು ಗೆಳೆಯನೊಬ್ಬನ ಗೃಹಪ್ರವೇಶಕ್ಕೆಂದು ಅಡಿಲೇಡ್‌ಗೆ ಹೋಗಿದ್ದೆ. ಫೋನ್ ಮಾಡಿದ ನಾಗೇಶನಿಗೆ ಸೋಮವಾರ ಬಂದು ನೋಡುತ್ತೇನೆ ಎಂದೆ. ಆ ನಾಲ್ಕು ದಿನ ಹೋಳಿಗೆ ತಿಂದುಕೊಂಡು, ಅಲ್ಲಿನವರಿಗೂ ವೀಸಾದ ಉಪದೇಶ ಮಾಡಿಕೊಂಡು ಕಳೆದೆ. ಎರಡು ಸಲ ಆ ಹುಡುಗಿಯ ನೆನಪು ಬಂತು. ಎರಡು ಸಲವೂ, ಇನ್ನೂ ದಿನ ಇದೆಯಲ್ಲ ಎಂದುಕೊಂಡೆ.

ಸೋಮವಾರ ಅವಳು ಫೈಲ್ ತಂದಳು. ಹಾಳೆಗಳ ನಡುವೆ ಬಣ್ಣದ ಚೀಟಿ ಅಂಟಿಸಿ, ನಮ್ಮ ಯಾವ ಕನ್ನಡಿಗನೂ ಜೋಡಿಸದಷ್ಟು ನೀಟಾಗಿ ಜೋಡಿಸಿದ್ದಳು. ಒಂದೂ ಕೊರತೆ ಇರಲಿಲ್ಲ. ಅವಳ ಅಮ್ಮ ದಿನಾ ಫೋನ್ ಮಾಡಿ ಯಾವಾಗ ಬರ್ತೀಯ ಎಂದು ಕೇಳುತ್ತಿದ್ದರಂತೆ. ಏನೋ ಹೇಳುವುದಿದೆ, ಎದುರಿಗೇ ಹೇಳಬೇಕು ಅಂದಿದ್ದರಂತೆ. ಆ ತಾಯಿಗೆ ಓದು ಬರಹ ಗೊತ್ತಿರಲಿಲ್ಲ, ದನಿ ಹೋದ ಮೇಲೆ ಬರೆದು ತಿಳಿಸುವಂತೆಯೂ ಇರಲಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದಳು. ಕೇಳಿಯೂ ನಾನು ಏನು ಮಾಡಿದೆ? ಅಣ್ಣನ ಪತ್ರಕ್ಕೆ ನೋಟರಿಯ ಮೊಹರು ಇಲ್ಲ, ಹಾಕಿಸಿ ಮತ್ತೆ ತರಿಸು ಎಂದೆ. ಸುಮತಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ. ಅವಳ ಪಾಲು ಅವಳದು, ನಾನು ಅವಳ ಬೆನ್ನ ಹಿಂದೆ ಅಡಗುವುದಿಲ್ಲ.

ಬುಧವಾರ ಹಿಯೆನ್ ಮೊಹರಿಗೆ ಕಾಯಲಿಲ್ಲ. ವಾಪಸ್ ಕಳಿಸಿದರೆ ಕಳಿಸಲಿ ಎಂದು ಹೊರಟೇಬಿಟ್ಟಳು. ಗುರುವಾರ ಬೆಳಿಗ್ಗೆ ಅವಳು ಸೈಗಾನ್‌ನಲ್ಲಿ ಬಸ್ ಹತ್ತುವ ಹೊತ್ತಿಗೆ ತಾಯಿಯನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡಾಗಿತ್ತು. ಗಡಿಯಲ್ಲಿ ಅಧಿಕಾರಿ ಪಾಸ್‌ಪೋರ್ಟಿನ ಮೇಲೆ ಸೀಲ್ ಒತ್ತಿ ಮುಂದಿನವರನ್ನು ಕರೆದನಂತೆ. ಅವಳು ಚೀಲದಿಂದ ಫೈಲ್ ತೆಗೆದು ಚಾಚಿದಳಂತೆ. ಅವನಿಗೆ ಅದು ಏನೆಂದೇ ಅರ್ಥವಾಗಲಿಲ್ಲವಂತೆ.

ಮೂರು ವಾರ ಬಿಟ್ಟು ನಾಗೇಶ ಬಂದ. ಆರೋಪವೇನೂ ಇರಲಿಲ್ಲ, ಗೊಂದಲ ಇತ್ತು. "ಅಂಕಲ್, ಬಾರ್ಡರ್‌ನಲ್ಲಿ ವೀಸಾ ಕೇಳ್ಲೇ ಇಲ್ವಂತೆ?"

ಆಗಲಾದರೂ — ಆದರೆ ನನ್ನ ನಾಲಗೆ ಎಷ್ಟು ಸಲೀಸಾಗಿ ಹೊರಳಿತು! "ಹೊರದೇಶದಲ್ಲಿರೋರಿಗೂ ಬೇಡ ಅಂತ ಅದೇ ವಾರ ರೂಲ್ ಚೇಂಜ್ ಆಯ್ತು ಕಣೋ. ಒಂದು ವಾರ ಮುಂಚೆ ಆಗಿದ್ರೆ..." ಎಂದು ನಿಟ್ಟುಸಿರು ಬೇರೆ ಬಿಟ್ಟೆ. ಅವನು ನಂಬಿದ. ಹೋಗುವಾಗ ನನಗೆ ಥ್ಯಾಂಕ್ಸ್ ಹೇಳಿದ.

ಆ ತಾಯಿ ಇನ್ನೆರಡು ವರ್ಷ ಬದುಕಿದ್ದರು. ಮಗಳಿಗೆ ಏನು ಹೇಳಬೇಕಿತ್ತೋ, ಕೈಸನ್ನೆಯಲ್ಲಿ ಎಷ್ಟೋ ಸಲ ಪ್ರಯತ್ನಿಸಿದರಂತೆ. ಅದು ಯಾರಿಗೂ ತಿಳಿಯಲಿಲ್ಲ. ಈ ನಡುವೆ ನಾಗೇಶನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದರು. ನನಗೆ ನೆಮ್ಮದಿಯಾಯಿತು. ಹೌದು, ನೆಮ್ಮದಿಯೇ. ಭಾನುವಾರಗಳು ಮೊದಲಿನಂತೆ ನಡೆದವು, ಫೈಲುಗಳು ಬಂದವು, ನಾನು ಹುಬ್ಬು ಗಂಟಿಕ್ಕಿದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಹಿಯೆನ್ ಫೋನ್ ಮಾಡಿದಳು. ಈಗ ಅವಳ ಕನ್ನಡ ನಮ್ಮ ಮಕ್ಕಳಿಗಿಂತ ಚೆನ್ನಾಗಿದೆ.

"ಅಂಕಲ್, ಸಿಟಿಜನ್‌ಶಿಪ್ ಆಯ್ತು. ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಂತು. ಹಳೇದನ್ನ ನಾನು ರಿನ್ಯೂ ಮಾಡಿಸ್ಲೇ ಇಲ್ಲ. ರೂಲ್ ಚೇಂಜ್ ಮಾಡ್ಸೋಕೆ ಒಂದು ವಾರ ಲೇಟ್ ಮಾಡಿದ ದೇಶದ ಪಾಸ್‌ಪೋರ್ಟ್ ಇಟ್ಕೊಂಡು ಏನ್ಮಾಡ್ಲಿ? ಅಮ್ಮನ ತಿಥಿಗೆ ನಾಮ್ ಪೆನ್‌ಗೆ ಹೋಗ್ತಿದೀನಿ. ಇದಕ್ಕಂತೂ ವೀಸಾ ಬೇಡ ಅಲ್ವಾ ಅಂಕಲ್?"

ಅವಳು ತನ್ನ ದೇಶದ ಮೇಲೆ ಮುನಿಸಿಕೊಂಡಿದ್ದಳು. ಇಷ್ಟು ವರ್ಷ, ನನ್ನ ಮೇಲಲ್ಲ — ತನ್ನ ದೇಶದ ಮೇಲೆ. ನಾನು ಉಗುಳಿದ ಸುಳ್ಳಿಗೆ ಅವಳು ಹುಟ್ಟಿದ ನೆಲದ ಪಾಸ್‌ಪೋರ್ಟನ್ನೇ ಕೈಬಿಟ್ಟಿದ್ದಳು.

"ಬೇಕಮ್ಮ" ಎಂದೆ. "ಈ ಪಾಸ್‌ಪೋರ್ಟಿಗೆ ಬೇಕು."

"ಹಾಗಾದ್ರೆ ಹಳೇದಕ್ಕೆ?"

"ಬೇಕಿರ್ಲಿಲ್ಲ. ಯಾವ ರೂಲೂ ಚೇಂಜ್ ಆಗಿರ್ಲಿಲ್ಲ. ನೀನು ಹೇಳಿದ್ದೇ ಸರಿ ಇತ್ತು. ಅವತ್ತು ಸಾಯಂಕಾಲಾನೇ ನಂಗೆ ಗೊತ್ತಾಯ್ತು. ಗೊತ್ತಿದ್ದೂ ನಿನ್ನನ್ನ ಕೂರಿಸ್ದೆ."

ಫೋನ್ ಸ್ಪೀಕರ್‌ನಲ್ಲಿತ್ತು ಎಂದು ತೋರುತ್ತದೆ, ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವಳು ಮಾತಾಡಿದ್ದು ನನ್ನ ಜೊತೆಗಲ್ಲ. "ನಾಗೇಶ್, ನಾನು ಹೇಳಿದ್ದೆ" ಎಂದಳು. ಕರೆ ಕಡಿದುಹೋಯಿತು.

ನಾಲ್ಕು ದಿನ ಯಾವ ಸುದ್ದಿಯೂ ಇರಲಿಲ್ಲ. ಬೈಗುಳ ಬರಲಿ ಎಂದು ಕಾದೆ, ಅದಕ್ಕೆ ಯೋಗ್ಯನೂ ಆಗಿದ್ದೆ. ಐದನೆಯ ದಿನ ನಾಗೇಶನ ಒಂದು ಸಾಲು ಬಂತು.

"ನಾನು ಅವಳನ್ನ ನಂಬ್ಲಿಲ್ಲ ಅಂಕಲ್."

ನನ್ನ ಮೇಲೆ ಒಂದು ಮಾತಿಲ್ಲ. ನಾನು ಮಾಡಿದ್ದನ್ನು ಅವನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಾನೆ. ತಾಯಿಯ ಕೊನೆಯ ಮಾತನ್ನು ಆ ಹುಡುಗಿಯಿಂದ ಕಸಿದವನು, ಈಗ ಅವಳ ಗಂಡನನ್ನೂ ಅವಳೆದುರು ತಲೆ ತಗ್ಗಿಸುವಂತೆ ಮಾಡಿದ್ದೇನೆ. ಬ್ರಿಸ್ಬೇನ್‌ಗೆ ಟಿಕೆಟ್ ತೆಗೆದಿದ್ದೇನೆ, ಸುಮತಿಯೂ ಬರುತ್ತೇನೆ ಎಂದಿದ್ದಾಳೆ. ಕ್ಷಮೆ ಕೇಳಲು ಹೋಗುತ್ತಿಲ್ಲ, ಕೇಳುವ ಮುಖ ನನಗಿಲ್ಲ. ತಪ್ಪು ನನ್ನದು, ಅವನದಲ್ಲ ಎಂದು ಅವಳ ಎದುರು ನಿಂತು ಹೇಳಬೇಕು. ಅವಳು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.