ಬೈಕಿನ ಸಭಾಮರ್ಯಾದೆ

ನನ್ನ ಬೈಕಿಗೆ ಸಭಾಮರ್ಯಾದೆ ತುಸು ಹೆಚ್ಚು. ನನ್ನೆದುರು ಎಷ್ಟೇ ಕೆಮ್ಮಲಿ, ಬಿಕ್ಕಲಿ, ಮೆಕ್ಯಾನಿಕ್ಕಿನ ಮುಂದೆ ನಿಂತರೆ ಮಾತ್ರ ಸಾಹೇಬರು ತಪಾಸಣೆಗೆ ಬಂದ ದಿನದ ಶಾಲೆಯಂತೆ ಶಿಸ್ತಿನ ಸಾಕಾರಮೂರ್ತಿಯಾಗಿಬಿಡುತ್ತದೆ.

ಕೊಪ್ಪಳದ ಕಾಲೇಜೊಂದರಲ್ಲಿ ಕನ್ನಡ ವ್ಯಾಕರಣ ಪಾಠ ಮಾಡುತ್ತ ಐವತ್ತರ ಹೊಸ್ತಿಲಿಗೆ ಬಂದ ನಾನು, ದೇಶಸಂಚಾರದ ಹುಮ್ಮಸ್ಸಿನಲ್ಲಿ ಈ ದೂರಪ್ರಯಾಣದ ಬೈಕು ಕೊಂಡೆ. ದೇಶವೆಂದರೆ ಸದ್ಯಕ್ಕೆ ಗಂಗಾವತಿ. ಹೆಂಡತಿ ಗಿರಿಜೆಯನ್ನು ಹಿಂದೆ ಕೂರಿಸಿಕೊಂಡು ಹೊರಟ ಮೊದಲ ಸಂಚಾರದಲ್ಲೇ, ಮರಳಿ ಎಂಬ ಊರಿನ ಹತ್ತಿರ ಭತ್ತದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲೆಂದು ಆಕ್ಸಿಲರೇಟರ್ ತಿರುವಿದರೆ, ಎಂಜಿನ್ನು ಪ್ರಶ್ನೆ ಕೇಳಿಸಿಕೊಂಡ ಕೊನೆಯ ಬೆಂಚಿನ ವಿದ್ಯಾರ್ಥಿಯಂತೆ ಮೌನ ತಾಳಿತು. ಎದುರಿಗೆ ಲಾರಿ. ಹಾರ್ನು, ಬ್ರೇಕು, ಗಿರಿಜೆಯ ಕಿರುಚಾಟಗಳ ತ್ರಿವೇಣೀಸಂಗಮದಲ್ಲಿ ಹೇಗೋ ಟ್ರ್ಯಾಕ್ಟರಿನ ಹಿಂದಕ್ಕೆ ಮರಳಿ ಬಂದೆವು. ಊರ ಹೆಸರಿನ ಅರ್ಥ ನನಗೆ ಹೊಳೆದದ್ದು ಅಂದೇ.

ಗಿರಿಜೆ ಇಳಿದಳು. “ಇನ್ನ ಈ ಗಾಡಿ ಮ್ಯಾಲ ನಾ ಕುಂಡ್ರಂಗಿಲ್ರಿ. ನಿಮಗ ಬೇಕಾದ್ರ ಇದರ ಜೋಡಿನೇ ಸಂಸಾರ ಮಾಡ್ರಿ,” ಎಂದವಳೇ ಹಿಂದೆ ಬಂದ ಟಂಟಂ ರಿಕ್ಷಾ ಹತ್ತಿ ಹೋದಳು.

ಮೂವರು ಮೆಕ್ಯಾನಿಕ್ಕರು ನೋಡಿದರು. ಒಬ್ಬ ಪ್ಲಗ್ ಬದಲಿಸಿದ, ಇನ್ನೊಬ್ಬ ಏರ್ ಫಿಲ್ಟರ್ ಊದಿದ, ಮತ್ತೊಬ್ಬ ಕಂಪ್ಯೂಟರ್ ಜೋಡಿಸಿ ಪರೀಕ್ಷಿಸಿ, “ಗಾಡಿಯೊಳಗ ಏನೂ ಇಲ್ರಿ ಸರ್,” ಎಂದು, ಇದ್ದರೆ ನನ್ನೊಳಗೇ ಇರಬೇಕೆಂಬಂತೆ ನೋಡಿದ.

ಅಷ್ಟರಲ್ಲಿ ಗಿರಿಜೆ ತೌರುಮನೆ ಬೇವೂರಿಗೆ ಹೋಗಿದ್ದಳು. ಕರೆತರಲು ಹಟಕ್ಕೆ ಬಿದ್ದು ಬೈಕಿನಲ್ಲೇ ಹೋದೆ. ದಾರಿಯಲ್ಲಿ ಅದು ನಾಲ್ಕು ಸಲ ಬಿಕ್ಕಿತು. ನಮ್ಮ ಮಾವ ನಿವೃತ್ತ ದನದ ಡಾಕ್ಟರು. ಎಪ್ಪತ್ತು ದಾಟಿದರೂ ಗಟ್ಟಿ ಆಳು. ನನ್ನ ಗೋಳನ್ನೆಲ್ಲ ಕೇಳಿ, ಬೈಕಿಗೆ ಒಂದು ಸುತ್ತು ಬಂದು, ಟ್ಯಾಂಕಿನ ಪಕ್ಕೆ ಸವರಿದರು.

“ಯಾವಾಗ ಹಿಂಗ ಮಾಡತೈತಿ?”

“ಊರಿಗೆ ಹೊಂಟಾಗ್ರಿ.”

“ದವಾಖಾನಿಗೆ ಒಯ್ದಾಗ?”

“ಆಗ ಭಾಳ ಛಲೋ ಇರತೈತ್ರಿ.”

“ಒಯ್ಯೂವಾಗ ಏನಾರ ಬಿಚ್ಚಿಟ್ಟು ಒಯ್ತೀರೇನು? ಹಗ್ಗ, ಗಂಟಿ?”

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಟ್ಯಾಂಕಿನ ಮೇಲೆ ಪ್ರವಾಸಿಗೆ ಭೂಷಣವೆಂದು ಒಂದು ಚೀಲ ಕಟ್ಟಿದ್ದೆ. ನಕಾಶೆ, ಕನ್ನಡಕ, ಚುರುಮುರಿ ಎಲ್ಲ ಅದರಲ್ಲೇ. ಅಲುಗಾಡದಿರಲೆಂದು ಅದರ ಪಟ್ಟಿಯನ್ನು ಹ್ಯಾಂಡಲಿನ ಬುಡಕ್ಕೆ ನಾನೇ ಬಿಗಿದಿದ್ದೆ. ಮೆಕ್ಯಾನಿಕ್ಕರ ಬಳಿ ಹೋಗುವಾಗ ಮಾತ್ರ, ಕಳೆದೀತೆಂದು, ಬಿಚ್ಚಿ ಮನೆಯಲ್ಲಿಟ್ಟು ಹೋಗುತ್ತಿದ್ದೆ. ರೋಗಿಯನ್ನು ಗಂಟುಮೂಟೆ ಸಮೇತ ನೋಡಬೇಕೆಂಬುದು ದನದ ಡಾಕ್ಟರಿಗೆ ತಿಳಿದಿತ್ತು.

ಎಂಜಿನ್ ಶುರು ಮಾಡಿಸಿ, ಚೀಲವನ್ನು ಎಳೆದು ಹಿಡಿದು, ರೇಸ್ ಕೊಡಲು ಹೇಳಿದರು. ಬೈಕು ಬಿಕ್ಕಿತು. ಚೀಲ ಬಿಟ್ಟರೆ ಗರ್ಜಿಸಿತು. ಆ ಪಟ್ಟಿ ಆಕ್ಸಿಲರೇಟರಿನ ವೈರನ್ನು ಜಗ್ಗುತ್ತಿತ್ತು. ಜಗ್ಗಿದಾಗಲೆಲ್ಲ ವೈರಿನ ಕೊಂಡಿ ಸಡಿಲವಾಗುತ್ತಿತ್ತು. ಇಷ್ಟು ವರ್ಷ ಸಂಧಿಪಾಠ ಮಾಡಿದ ನನಗೆ ಈ ಲೋಪಸಂಧಿ ಮಾತ್ರ ಕಂಡಿರಲಿಲ್ಲ.

“ಕೊರಳಿಗೆ ಹಗ್ಗ ಬಿಗದು, ಉಸಿರು ಯಾಕ ಕಟ್ಟತೈತಿ ಅಂತ ಊರೆಲ್ಲ ಕೇಳಿಕೋತ ಅಡ್ಯಾಡೀರಲ್ಲ!” ಎಂದು ಮಾವ ಚೀಲ ಬಿಚ್ಚಿ ನನ್ನ ಕೈಗಿಟ್ಟು, ಕೊಂಡಿಯನ್ನು ಟಕ್ಕೆಂದು ಒತ್ತಿ ಕೂರಿಸಿದರು. “ಔಷಧ ಕೊಟ್ಟಮ್ಯಾಲ ನಾನ ನಡಸಿ ನೋಡಬೇಕು,” ಎಂದು ನನ್ನ ಹೆಲ್ಮೆಟ್ಟನ್ನೂ ಧರಿಸಿದರು. ನಾನು ಬೇಡವೆನ್ನುವಷ್ಟರಲ್ಲಿ, ಈ ಗಾಡಿ ಹತ್ತೆನೆಂದಿದ್ದ ಗಿರಿಜೆ, ನಾನು ತನಗೆಂದು ತಂದಿದ್ದ ಹೆಲ್ಮೆಟ್ ಹಾಕಿಕೊಂಡು, ಸೆರಗು ಸಿಕ್ಕಿಸಿ, ಅಪ್ಪನ ಹಿಂದೆ ಕೂತಾಗಿತ್ತು.

“ಆ ತಿರುವಿನತನಕ ಹೋಗಿ ಬರ್ತೀವಿ,” ಎಂದರು.

ಒಂದು ತಾಸಾಯಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತ ಕೂತಿದ್ದಾಗ ಗಿರಿಜೆಯ ಫೋನು ಬಂತು.

“ಕುಷ್ಟಗಿಯೊಳಗ ಅದೇವ್ರಿ. ಅಪ್ಪ ಮಿರ್ಚಿ ಭಜಿ ತಿನ್ನಾಕತ್ತಾನ.”

“ಗಾಡಿ ಎಲ್ಲೂ ಬಿಕ್ಕಲಿಲ್ಲೇನು?”

“ಒಮ್ಮೆನೂ ಇಲ್ರಿ. ಅಪ್ಪ ಕೇಳಾಕತ್ತಾನ, ಇಲ್ಲಿಂದ ಹೊಸಪೇಟಿ ಎಷ್ಟು ದೂರ ಆಗತೈತಿ ಅಂತ.”