ನಾಲ್ಕು ಸಲ ಸತ್ತ ಕಾವಲುಗಾರ

ಮೊರಾಕ್ಕೊದ ಸಿನಿಮಾ ಊರಾದ ವರ್ಜಾಜಾತ್‌ನ ಚಹಾದಂಗಡಿಯಲ್ಲಿ ಜೈಲು ಒಡೆದು ಓಡುವ ಆ ಸಿನಿಮಾದ ಎರಡನೇ ಭಾಗ ಹಾಕಿದರೆ ಸಾಕು, ಮುದುಕ ಬಾಸ್ಸು ಬೈಯಲು ಶುರುಮಾಡುತ್ತಾನೆ. ಮೊದಲ ಭಾಗದಲ್ಲಿ ಅವನು ಗೋಪುರದಿಂದ ಬಿದ್ದು ಸತ್ತ ಕಾವಲುಗಾರ. ಎರಡನೆಯದರಲ್ಲಿ ಬೇರೆಯವರನ್ನು ಕರೆಸಲು ಸಿನಿಮಾದವರ ಬಳಿ ದುಡ್ಡಿಲ್ಲದೆ ಅವನೇ ಮೀಸೆ ಬದಲಿಸಿಕೊಂಡು ನಾಲ್ಕು ಸಲ ಸತ್ತಿದ್ದಾನೆ. “ಮೊದಲನೇದ್ರಲ್ಲಿ ಗೋಡೆ ಅಂದ್ರೆ ಗೋಡೆ! ಇದರಲ್ಲಿ ನಾನು ಸೀನಿದ್ರೆ ಜೈಲೇ ಅಲ್ಲಾಡ್ತಿತ್ತು,” ಎನ್ನುತ್ತಾನೆ. “ಹಾಗಾದ್ರೆ ಮೊದಲನೇದೇ ಹಾಕ್ಲಾ, ಬಾಸ್ಸು ಮಾವ?” ಎಂದು ಅಂಗಡಿಯ ಹುಡುಗ ಹಮ್ಮು ಕೆಣಕಿದರೆ, “ಸುಮ್ನಿರಯ್ಯ, ಇದೇ ಇರ್ಲಿ,” ಎಂದು ಪುದೀನಾ ಚಹಾ ಬದಿಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಜೈಲಿನ ಬಾಗಿಲ ಬಳಿ ರೊಟ್ಟಿ ಮಾರುವವಳು ಅವನ ಹೆಂಡತಿ ಇಟ್ಟೊ. ತೀರಿಕೊಂಡು ಹನ್ನೊಂದು ವರ್ಷವಾಯಿತು. ಮೊದಲ ಭಾಗದಲ್ಲಿ ಅವಳು ಒಂದೇ ಸಲ ತಿರುಗಿ ನೋಡಿ ನಗುತ್ತಾಳೆ. ಎರಡನೆಯದನ್ನು ತೆಗೆದ ಜಿಪುಣರು ಆ ಹಳೆಯ ತುಣುಕನ್ನೇ ಮೂರು ಸಲ ಅಂಟಿಸಿದ್ದಾರೆ.